ಕರಾವಳಿಯ ಮರಳು ದಿಬ್ಬಗಳ ಸಸ್ಯಸಂಪತ್ತು ಮತ್ತು ಅದರ ಸಂರಕ್ಷಣೆ

ಕರ್ನಾಟಕದ ಕರಾವಳಿಯು ಉತ್ತರದಲ್ಲಿ ಕಾರವಾರದ ಸಮೀಪದ ಮಾಜಾಳಿಯಿಂದ ದಕ್ಷಿಣದಲ್ಲಿ ತಲಪಾಡಿಯವರೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹಬ್ಬಿದೆ. ಅಲ್ಲಿಂದ ಮುಂದೆ ಮಂಜೇಶ್ವರ, ಉಪ್ಪಳ, ಕುಂಬಳೆಗಳ ಮೂಲಕ ಕಾಸರಗೋಡು ಜಿಲ್ಲೆಯ ತೀರವು ಅದೇ ಮರಳಿನ ಪಟ್ಟಿಯಾಗಿ ಮುಂದುವರಿಯುತ್ತದೆ. ಈ ತೀರದ ಒಂದು ಕಡೆ ಅರಬ್ಬೀ ಸಮುದ್ರವಿದೆ. ಮತ್ತೊಂದು ಕಡೆ ತೆಂಗಿನ ತೋಟಗಳು, ಗದ್ದೆಗಳು, ಮೀನುಗಾರರ ಮನೆಗಳು ಮತ್ತು ಸಿಹಿನೀರಿನ ಬಾವಿಗಳಿವೆ. ಇವೆರಡರ ನಡುವೆ, ಅಲೆಗಳು ತಲುಪುವ ಗೆರೆಯಿಂದ ಸ್ವಲ್ಪ ಮೇಲೆ, ಮರಳಿನ ತಗ್ಗು ದಿಬ್ಬಗಳ ಒಂದು ಸಾಲು ಕಾಣುತ್ತದೆ. ಕರಾವಳಿಯ ಆಡುಮಾತಿನಲ್ಲಿ ಮರಳಿಗೆ ಹೊಯಿಗೆ ಎಂಬ ಹೆಸರಿದೆ. ಈ ಹೊಯಿಗೆಯ ದಿಬ್ಬವನ್ನು ಬಹುಮಂದಿ ಯಾವ ಉಪಯೋಗಕ್ಕೂ ಬಾರದ ಖಾಲಿ ನೆಲವೆಂದೇ ಭಾವಿಸುತ್ತಾರೆ.

ವಾಸ್ತವವಾಗಿ ಅದು ಖಾಲಿ ನೆಲವಲ್ಲ. ಬಳ್ಳಿ, ಹುಲ್ಲು, ಪೊದೆ ಮತ್ತು ಮರಗಳು ಒಂದರ ಹಿಂದೆ ಒಂದರಂತೆ ಬಂದು ನೆಲೆಸಿ ಕಟ್ಟಿದ ಜೀವಂತ ಒಡ್ಡು ಅದು. ಸಸ್ಯಗಳು ಇರುವವರೆಗೆ ದಿಬ್ಬ ನಿಲ್ಲುತ್ತದೆ. ಸಸ್ಯಗಳು ಹೋದರೆ ಮರಳು ಚದುರುತ್ತದೆ. ದಿಬ್ಬವಿಲ್ಲದ ಕಡೆ ಕಡಲ್ಕೊರೆತದ ಮೊದಲ ಪೆಟ್ಟು ಮನೆಯ ಅಂಗಳಕ್ಕೆ ಮತ್ತು ತೋಟದ ಬುಡಕ್ಕೆ ನೇರವಾಗಿ ಬೀಳುತ್ತದೆ. ಆದುದರಿಂದ ಈ ಸಸ್ಯಸಮುದಾಯದ ಪರಿಚಯವು ಸಸ್ಯಶಾಸ್ತ್ರಜ್ಞರಿಗೆ ಮಾತ್ರವಲ್ಲದೆ ಕರಾವಳಿಯ ಪ್ರತಿಯೊಬ್ಬ ನಿವಾಸಿಗೂ ಅಗತ್ಯವಾಗಿದೆ.

ದಿಬ್ಬ ಹುಟ್ಟುವ ಬಗೆ

ತೀರದ ಮರಳಿನ ಬಹುಪಾಲು ಸಹ್ಯಾದ್ರಿಯಿಂದ ಬಂದುದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸ್ವರ್ಣಾ, ನೇತ್ರಾವತಿ ಮೊದಲಾದ ನದಿಗಳು ಬೆಟ್ಟದ ಕಲ್ಲು ಮಣ್ಣನ್ನು ಸವೆಸಿ ಸಮುದ್ರಕ್ಕೆ ಒಯ್ಯುತ್ತವೆ. ಅಲೆಗಳು ಮತ್ತು ತೀರದ ಉದ್ದಕ್ಕೂ ಸಾಗುವ ಪ್ರವಾಹಗಳು ಅದನ್ನು ತೊಳೆದು, ಮಣ್ಣನ್ನು ಬೇರ್ಪಡಿಸಿ, ಮರಳನ್ನು ದಡಕ್ಕೆ ತಂದು ಹಾಕುತ್ತವೆ. ಒಣಗಿದ ಮರಳನ್ನು ಕಡಲಗಾಳಿಯು ಒಳನಾಡಿನ ಕಡೆಗೆ ಹೊತ್ತೊಯ್ಯುತ್ತದೆ. ದಾರಿಯಲ್ಲಿ ಒಂದು ಗಿಡವೋ ಬಳ್ಳಿಯೋ ಅಡ್ಡಬಂದರೆ ಅಲ್ಲಿ ಗಾಳಿಯ ವೇಗ ತಗ್ಗುತ್ತದೆ, ಮರಳು ಕೆಳಕ್ಕೆ ಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಡ್ಡಬಂದದ್ದು ಕಲ್ಲಾಗಿದ್ದರೆ ಅದು ಮರಳಿನಲ್ಲಿ ಹೂತುಹೋದೊಡನೆ ಅದರ ಕೆಲಸ ಮುಗಿಯುತ್ತದೆ. ದಿಬ್ಬದ ಸಸ್ಯಗಳಾದರೋ ಹೂತಷ್ಟೂ ಮೇಲಕ್ಕೆ ಬೆಳೆಯುತ್ತವೆ, ಹೂತ ಗೆಣ್ಣುಗಳಿಂದ ಹೊಸ ಬೇರು ಬಿಡುತ್ತವೆ. ಗಿಡ ಬೆಳೆದಂತೆ ಮರಳು ಏರುತ್ತದೆ, ಮರಳು ಏರಿದಂತೆ ಗಿಡ ಬೆಳೆಯುತ್ತದೆ. ಹೀಗೆ ಕೆಲವೇ ಅಡಿಗಳ ಒಂದು ಗುಪ್ಪೆ ಕಾಲಕ್ರಮದಲ್ಲಿ ತೀರಕ್ಕೆ ಸಮಾನಾಂತರವಾದ ದಿಬ್ಬವಾಗುತ್ತದೆ.

ಈ ದಿಬ್ಬವು ತೀರದ ಮರಳಿನ ಖಜಾನೆಯೂ ಹೌದು. ಮಳೆಗಾಲದ ಎತ್ತರದ ಅಲೆಗಳು ದಡದ ಮರಳನ್ನು ಸೆಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನ ಅಡಿಯಲ್ಲಿ ದಂಡೆಯಾಗಿ ಕೂಡಿಹಾಕುತ್ತವೆ. ಆ ದಂಡೆಗೆ ಬಡಿದು ಮುಂದಿನ ಅಲೆಗಳು ತಮ್ಮ ಬಲವನ್ನು ಅಲ್ಲಿಯೇ ಕಳೆದುಕೊಳ್ಳುತ್ತವೆ. ಮಳೆಗಾಲ ಮುಗಿದು ಸಮುದ್ರ ಶಾಂತವಾದ ನಂತರ ಅದೇ ಮರಳು ನಿಧಾನವಾಗಿ ದಡಕ್ಕೆ ಮರಳುತ್ತದೆ. ಖಜಾನೆಯಲ್ಲಿ ಮರಳು ಇದ್ದರೆ ಮಾತ್ರ ಈ ಕೊಡುಕೊಳ್ಳುವಿಕೆ ಸುಸೂತ್ರವಾಗಿ ನಡೆಯುತ್ತದೆ.

ಮೊದಲ ಸಾಲಿನ ಸಸ್ಯಗಳು

ಕಡಲಿಗೆ ಅತಿ ಸಮೀಪದ ಮರಳಿನಲ್ಲಿ ಬದುಕುವುದು ಸುಲಭವಲ್ಲ. ಅಲ್ಲಿ ಉಪ್ಪಿನ ತುಂತುರು ಸದಾ ಬೀಳುತ್ತಿರುತ್ತದೆ. ಬೇಸಿಗೆಯ ಮಧ್ಯಾಹ್ನ ಮರಳು ಬರಿಗಾಲಿನಲ್ಲಿ ನಡೆಯಲಾಗದಷ್ಟು ಕಾಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ ನೀರು ಮೇಲ್ಪದರದಲ್ಲಿ ನಿಲ್ಲದೆ ಕೆಳಕ್ಕೆ ಇಳಿದುಹೋಗುತ್ತದೆ. ಸಸ್ಯಗಳಿಗೆ ಬೇಕಾದ ಸಾರಜನಕ ಮತ್ತು ರಂಜಕದ ಅಂಶ ಮರಳಿನಲ್ಲಿ ಅತ್ಯಲ್ಪ. ಇಂತಹ ನೆಲದಲ್ಲಿ ಮೊದಲು ಕಾಲಿಡುವ ಸಸ್ಯಗಳು ಕೆಲವೇ. ಆದರೆ ಮುಂದಿನದೆಲ್ಲವೂ ಅವುಗಳನ್ನು ಅವಲಂಬಿಸಿದೆ.

ಇವುಗಳಲ್ಲಿ ಮುಖ್ಯವಾದುದು ಅಡುಂಬು ಬಳ್ಳಿ. ನಸುಗೆಂಪು ನೇರಳೆ ಬಣ್ಣದ, ಕೊಳವೆಯಾಕಾರದ ಹೂಗಳಿಂದ ಇದನ್ನು ದೂರದಿಂದಲೇ ಗುರುತಿಸಬಹುದು. ಎಲೆಯು ತುದಿಯಲ್ಲಿ ಸೀಳಿ ಆಡಿನ ಗೊರಸಿನ ಗುರುತನ್ನು ಹೋಲುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ಕೊಟ್ಟಿರುವ ಐಪೋಮಿಯ ಪೆಸ್‌ಕಾಪ್ರೆ ಎಂಬ ಹೆಸರಿನ ಎರಡನೆಯ ಭಾಗಕ್ಕೆ ಆಡಿನ ಪಾದವೆಂದೇ ಅರ್ಥ. ಬಳ್ಳಿಯು ಮರಳಿನ ಮೇಲೆ ಹತ್ತಾರು ಅಡಿ ಹರಿದು ಪ್ರತಿ ಗೆಣ್ಣಿನಲ್ಲಿಯೂ ಬೇರೂರುತ್ತದೆ. ಇದರ ಬೀಜಗಳು ಉಪ್ಪುನೀರಿನಲ್ಲಿ ಬಹುಕಾಲ ತೇಲಿದರೂ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ. ಆದುದರಿಂದಲೇ ಜಗತ್ತಿನ ಉಷ್ಣವಲಯದ ಎಲ್ಲ ಕಡಲತೀರಗಳಲ್ಲಿ ಈ ಬಳ್ಳಿ ಕಾಣಸಿಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಕೊಚ್ಚಿಯಲ್ಲಿ ಆಡಳಿತಾಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದ 'ಹಾರ್ಟಸ್ ಮಲಬಾರಿಕಸ್' ಎಂಬ ಸಸ್ಯಗ್ರಂಥದಲ್ಲಿಯೂ ಈ ಬಳ್ಳಿಯು ಅಡುಂಬು ಎಂಬ ನಾಡಹೆಸರಿನಿಂದಲೇ ದಾಖಲಾಗಿದೆ.

ಎರಡನೆಯದು ರಾವಣನ ಮೀಸೆ ಎಂದು ಹೆಸರಾದ, ಸ್ಪಿನಿಫೆಕ್ಸ್ ಕುಲಕ್ಕೆ ಸೇರಿದ ಗಡುಸಾದ ಹುಲ್ಲು. ಇದರ ಎಲೆಯ ತುದಿ ಸೂಜಿಯಷ್ಟು ಚೂಪು. ಗಂಡು ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಗಿಡಗಳಲ್ಲಿ ಬಿಡುತ್ತವೆ. ಹೆಣ್ಣು ಗಿಡದ ತೆನೆಯು ಮುಳ್ಳಿನ ಚೆಂಡಿನಂತಿದ್ದು, ಬಲಿತ ಮೇಲೆ ಕಳಚಿಕೊಂಡು ಗಾಳಿಗೆ ಉರುಳುತ್ತ ಸಾಗಿ, ಮರಳು ಸಿಕ್ಕಿದಲ್ಲಿ ನಿಂತು ಬೀಜವನ್ನು ಬಿತ್ತುತ್ತದೆ. ಮರಳಿನಲ್ಲಿ ಎಷ್ಟೇ ಹೂತರೂ ಮತ್ತೆ ತಲೆಯೆತ್ತುವ ಶಕ್ತಿ ಈ ಹುಲ್ಲಿಗಿದೆ.

ಮೂರನೆಯದು ಅವರೆಯ ಕುಟುಂಬಕ್ಕೆ ಸೇರಿದ, ಕೆನವೇಲಿಯ ಕುಲದ ಕಡಲ ಬಳ್ಳಿಗಳು. ಇವುಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆ. ಬಳ್ಳಿಯ ಎಲೆ ಕಾಂಡಗಳು ಕೊಳೆತಾಗ ಆ ಸಾರ ಮರಳಿಗೆ ಸೇರುತ್ತದೆ. ಗೊಬ್ಬರವೇ ಇಲ್ಲದ ನೆಲಕ್ಕೆ ಮೊದಲ ಗೊಬ್ಬರ ಬೀಳುವುದು ಹೀಗೆ. ಇವುಗಳೊಂದಿಗೆ ಜೇಕಿನ ಜಾತಿಯ ಹುಲ್ಲುಗಳು ಹಾಗೂ ನೆಲಕ್ಕಂಟಿ ಹಬ್ಬುವ ಹಲವು ಸಣ್ಣ ಗಿಡಗಳೂ ಸೇರಿಕೊಳ್ಳುತ್ತವೆ.

ಪೊದೆಗಳು ಮತ್ತು ಮರಗಳು

ಬಳ್ಳಿ ಹುಲ್ಲುಗಳು ಮರಳನ್ನು ಹಿಡಿದು ನಿಲ್ಲಿಸಿದ ಬಳಿಕ, ಅವುಗಳ ಹಿಂಬದಿಯ ಆಸರೆಯಲ್ಲಿ ಪೊದೆಗಳು ಬೆಳೆಯತೊಡಗುತ್ತವೆ. ಲಕ್ಕಿ, ಎಕ್ಕ ಮೊದಲಾದವು ಈ ಸಾಲಿಗೆ ಸೇರಿದವು. ಇವುಗಳಲ್ಲಿ ಕರಾವಳಿಯ ಜನಜೀವನದೊಂದಿಗೆ ಅತ್ಯಂತ ಹತ್ತಿರವಾದುದು ಕೇದಗೆ. ತುಳುವಿನಲ್ಲಿ ಇದನ್ನು ಮುಂಡೇವು ಎನ್ನುತ್ತಾರೆ. ಕಾಂಡದಿಂದ ಇಳಿಬಿದ್ದು ನೆಲಕ್ಕೆ ಊರುವ ಬಿಳಲು ಬೇರುಗಳು ಗಿಡಕ್ಕೆ ಊರುಗೋಲಿನಂತೆ ನಿಂತು ಬಿರುಗಾಳಿಯಲ್ಲಿಯೂ ಅದನ್ನು ಕಾಯುತ್ತವೆ. ಮುಳ್ಳು ತೆಗೆದು ಹದಮಾಡಿದ ಎಲೆಯಿಂದ ಚಾಪೆ ಹೆಣೆಯುತ್ತಾರೆ. ಅದೇ ಎಲೆಯನ್ನು ಸುರುಳಿಯಾಗಿ ಸುತ್ತಿ, ಹಿಟ್ಟು ಹೊಯ್ದು ಬೇಯಿಸಿದ ಮೂಡೆಯಿಲ್ಲದೆ ಕರಾವಳಿಯ ಅಷ್ಟಮಿಯ ಹಬ್ಬ ಪೂರ್ಣವಾಗುವುದಿಲ್ಲ.

ಪೊದೆಗಳ ಹಿಂದೆ ಮರಗಳ ಸಾಲು. ಹೊನ್ನೆ, ಹೊಂಗೆ, ಹೂವರಸಿ ಮೊದಲಾದವು ಇಲ್ಲಿಯ ಸಹಜ ಮರಗಳು. ಹೊನ್ನೆಯ ದಪ್ಪನೆಯ ಹೊಳಪಿನ ಎಲೆಗಳಿಗೆ ಉಪ್ಪಿನ ತುಂತುರನ್ನು ತಾಳಿಕೊಳ್ಳುವ ಗುಣವಿದೆ. ಇದರ ದುಂಡನೆಯ ಕಾಯಿಗಳನ್ನು ಸಮುದ್ರದ ನೀರು ಮತ್ತು ಬಾವಲಿಗಳು ದೂರಕ್ಕೆ ಒಯ್ಯುತ್ತವೆ. ಸೀಮೆಎಣ್ಣೆಯೂ ವಿದ್ಯುತ್ತೂ ಇಲ್ಲದ ಕಾಲದಲ್ಲಿ ದೀಪ ಉರಿಸಲು ಹೊನ್ನೆಯೆಣ್ಣೆಯೇ ಆಧಾರವಾಗಿತ್ತು. ದೋಣಿಯ ಹಲಗೆಗಳಿಗೆ ಲೇಪಿಸಲೂ ಅದನ್ನು ಬಳಸುತ್ತಿದ್ದರು.

ಭಾರತದ ಅರಣ್ಯಗಳನ್ನು ವರ್ಗೀಕರಿಸಿ ಚಾಂಪಿಯನ್ ಮತ್ತು ಸೇಠ್ ಅವರು 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಕಾಡನ್ನು ಕಡಲತೀರದ ಕಾಡು ಎಂಬ ಪ್ರತ್ಯೇಕ ಬಗೆಯಾಗಿಯೇ ಗುರುತಿಸಲಾಗಿದೆ. ಒಂದು ಕಾಲದಲ್ಲಿ ಈ ಮರಗಳು ತೀರದ ಉದ್ದಕ್ಕೂ ಹೆಚ್ಚು ಕಡಿಮೆ ಒಂದು ಪಟ್ಟಿಯಾಗಿ ಬೆಳೆಯಬಲ್ಲವಾಗಿದ್ದರೂ, ಕರ್ನಾಟಕದ ಕರಾವಳಿಯು ಜನನಿಬಿಡವಾಗಿರುವುದರಿಂದ ಇಂದು ತುಂಡು ತುಂಡಾಗಿ ಮಾತ್ರ ಉಳಿದಿವೆ. ತೋಟಗಳ ಬೇಲಿಯಲ್ಲಿ, ದೇವಸ್ಥಾನಗಳ ಹಿಂಬದಿಯಲ್ಲಿ, ತೀರಕ್ಕೆ ಹತ್ತಿರದ ನಾಗಬನಗಳಲ್ಲಿ ಹಳೆಯ ಹೊನ್ನೆಯ ಮರಗಳನ್ನು ಈಗಲೂ ಕಾಣಬಹುದು. ಕೊಡಲಿ ತಾಗಿಸಬಾರದೆಂಬ ನಂಬಿಕೆಯು ಇಂತಹ ಬನಗಳನ್ನು ಉಳಿಸಿದೆ. ತೀರದಲ್ಲಿ ಮತ್ತೆ ಕಾಡು ಬೆಳೆಸಬೇಕೆನ್ನುವವರಿಗೆ ಬೀಜದ ಮೂಲವೂ ಇವೇ ಆಗಿವೆ.

ಕಣ್ಣಿಗೆ ಕಾಣದ ನೆರವು

ದಿಬ್ಬದ ಸಸ್ಯಗಳು ಒಂಟಿಯಾಗಿ ಬದುಕುವುದಿಲ್ಲ. ಅವುಗಳ ಬೇರುಗಳೊಂದಿಗೆ ಕೆಲವು ಸೂಕ್ಷ್ಮ ಶಿಲೀಂಧ್ರಗಳು ಕೂಡಿಬಾಳುತ್ತವೆ. ಶಿಲೀಂಧ್ರದ ನವಿರಾದ ಎಳೆಗಳು ಬೇರು ತಲುಪಲಾರದ ದೂರಕ್ಕೆ ಹರಡಿ ರಂಜಕವನ್ನೂ ನೀರನ್ನೂ ತಂದುಕೊಡುತ್ತವೆ. ಪ್ರತಿಯಾಗಿ ಸಸ್ಯವು ಅವುಗಳಿಗೆ ಸಕ್ಕರೆಯ ಅಂಶವನ್ನು ನೀಡುತ್ತದೆ. ಇದೇ ಎಳೆಗಳು ಮರಳಿನ ಕಣಗಳನ್ನು ಒಂದಕ್ಕೊಂದು ಹೆಣೆದು ದಿಬ್ಬವನ್ನು ಬಿಗಿಗೊಳಿಸುತ್ತವೆ.

ಮಂಗಳೂರು ವಿಶ್ವವಿದ್ಯಾನಿಲಯದ ಜೀವವಿಜ್ಞಾನ ವಿಭಾಗದಲ್ಲಿ ಪ್ರೊಫೆಸರ್ ಕೆ.ಆರ್. ಶ್ರೀಧರ್ ಮತ್ತು ಅವರ ಸಹೋದ್ಯೋಗಿಗಳು ಪಶ್ಚಿಮ ಕರಾವಳಿಯ ದಿಬ್ಬಗಳ ಸಸ್ಯಗಳನ್ನೂ ಈ ಶಿಲೀಂಧ್ರಗಳನ್ನೂ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನವು ಮರಳು ದಿಬ್ಬಗಳನ್ನು ಅಲಕ್ಷ್ಯಕ್ಕೆ ಒಳಗಾದ ಪರಿಸರ ವ್ಯವಸ್ಥೆಯೆಂದು ಶೀರ್ಷಿಕೆಯಲ್ಲಿಯೇ ಕರೆದಿತ್ತು. ಕೆನವೇಲಿಯ ಬೀಜಗಳ ಪೌಷ್ಟಿಕ ಗುಣ, ಅವುಗಳಲ್ಲಿರುವ ವಿಷಕಾರಿ ಅಂಶ ಮತ್ತು ಅದನ್ನು ನಿವಾರಿಸುವ ಕ್ರಮಗಳ ಬಗೆಗೂ ಅಲ್ಲಿ ಸಂಶೋಧನೆ ನಡೆದಿದೆ. ಉಪ್ಪು, ಬಿಸಿಲು, ಸಾರಹೀನ ನೆಲ ಇವೆಲ್ಲವನ್ನೂ ಸಹಿಸುವ ಅವರೆಯ ಬಂಧುವೊಂದು ಮುಂದಿನ ದಿನಗಳ ಕೃಷಿಗೆ ಬೆಲೆಯುಳ್ಳದ್ದು. ದಿಬ್ಬವನ್ನು ಕಳೆದುಕೊಳ್ಳುವುದೆಂದರೆ ಈ ಬಗೆಯ ತಳಿಸಂಪತ್ತನ್ನೂ ಕಳೆದುಕೊಳ್ಳುವುದು ಎಂದರ್ಥ.

ಬಾವಿಯ ನೀರು ಮತ್ತು ಕಡಲಾಮೆ

ದಿಬ್ಬವು ಅಲೆಯನ್ನು ತಡೆಯುವುದು ಮಾತ್ರವಲ್ಲದೆ ನೀರನ್ನೂ ಕಾಯುತ್ತದೆ. ಮರಳಿನೊಳಗೆ ಇಂಗಿದ ಮಳೆಯ ನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲುತ್ತ ಮಸೂರದ ಆಕಾರದಲ್ಲಿ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಶಾಸ್ತ್ರೀಯ ಲೆಕ್ಕದ ಪ್ರಕಾರ, ಸಮುದ್ರಮಟ್ಟದ ಕೆಳಗೆ ಸುಮಾರು 40 ಮೀಟರಿನವರೆಗೆ ಸಿಹಿನೀರು ಇರಬಲ್ಲದು. ಮೇಲಿನ ಒಂದು ಮೀಟರನ್ನು ಕಳೆದುಕೊಂಡರೆ ಕೆಳಗಿನ ದಾಸ್ತಾನೂ ಅದೇ ಪ್ರಮಾಣದಲ್ಲಿ ಕುಗ್ಗಿ ಉಪ್ಪುನೀರು ಮೇಲೇರುತ್ತದೆ. ಮಂಗಳೂರಿನ ಗುರುಪುರ ನದಿ ಮತ್ತು ಸಮುದ್ರದ ನಡುವಣ ಮರಳಿನ ನಾಲಗೆಯ ಮೇಲಿರುವ ತಣ್ಣೀರುಬಾವಿಯ ಹೆಸರೇ ಮರಳು ಕಾಯುವ ಸಿಹಿನೀರನ್ನು ನೆನಪಿಗೆ ತರುತ್ತದೆ. ಕರಾವಳಿಯ ಅಂತರ್ಜಲಕ್ಕೆ ಉಪ್ಪುನೀರು ನುಗ್ಗುವ ಸಮಸ್ಯೆಯು ದೇಶದ ವಿಜ್ಞಾನಿಗಳ ಗಮನವನ್ನು ಸೆಳೆದಿದ್ದು, ಸಮುದ್ರದಿಂದ ಬಹುದೂರದಲ್ಲಿ, ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲಿರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಅಧ್ಯಯನ ವಿಷಯಗಳಲ್ಲಿಯೂ ಸೇರಿದೆ.

ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಚಳಿಗಾಲದ ತಿಂಗಳುಗಳಲ್ಲಿ ಮೊಟ್ಟೆಯಿಡಲು ಹೊನ್ನಾವರ, ಕುಂದಾಪುರ ಮೊದಲಾದ ಕಡೆಗಳ ಮರಳಿಗೆ ಬರುತ್ತವೆ. ಅಲೆ ತಲುಪದ ಎತ್ತರದ, ಸಡಿಲವಾದ ಮರಳು ಅವುಗಳಿಗೆ ಬೇಕು. ಮರಿಗಳು ಹೊರಬರಲು ಸುಮಾರು 45ರಿಂದ 60 ದಿನಗಳು ಹಿಡಿಯುತ್ತವೆ. ರಾತ್ರಿಯಲ್ಲಿ ಹೊರಬಂದ ಮರಿಗಳು ಬೆಳಕಿನ ಕಡೆಗೆ ಸಾಗುವ ಸ್ವಭಾವದವು. ತೀರದಲ್ಲಿ ಪ್ರಖರವಾದ ದೀಪಗಳಿದ್ದರೆ ಅವು ಸಮುದ್ರದ ದಾರಿ ತಪ್ಪುತ್ತವೆ. ದಿಬ್ಬದ ಗಿಡಗಳು ಒಳನಾಡಿನ ಬೆಳಕನ್ನು ಮರೆಮಾಡಿ ಮರಿಗಳನ್ನು ಕಡಲಿನ ಕಡೆಗೆ ತಿರುಗಿಸುತ್ತವೆ.

ಗಾಳಿಮರದ ಪ್ರಶ್ನೆ

ಕರಾವಳಿಯ ದಿಬ್ಬಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವ ಮರ ಗಾಳಿಮರ. ಸರ್ವೆಯೆಂಬ ಹೆಸರೂ ಇದಕ್ಕಿದೆ. ಇದು ಈ ತೀರದ ಮೂಲನಿವಾಸಿಯಲ್ಲ. 1868ರಲ್ಲಿ ಕಾರವಾರದ ಪ್ರದೇಶದಲ್ಲಿ ಇದನ್ನು ಮೊದಲಬಾರಿಗೆ ನೆಡಲಾಯಿತು. ಅನಂತರ ದೇಶದ ಉಳಿದ ತೀರಗಳಿಗೂ ಹರಡಿತು. ಬೇಗ ಬೆಳೆಯುವ, ಉರುವಲಿಗೂ ಕಂಬಕ್ಕೂ ಒದಗುವ, ಉಪ್ಪುಗಾಳಿಯನ್ನು ಸಹಿಸುವ ಈ ಮರದಿಂದ ಕರಾವಳಿಯ ಜನರಿಗೆ ಆದ ಉಪಕಾರ ಸಣ್ಣದಲ್ಲ. ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗ್ ಮೊದಲಾದ ಕಡೆಗಳಲ್ಲಿ ಇದರ ತೋಪುಗಳು ತೀರದ ಚೆಲುವಿನ ಭಾಗವೇ ಆಗಿಹೋಗಿವೆ.

ಆದರೆ ಗಾಳಿಮರದ ತೋಪು ದಿಬ್ಬದ ಕಾಡಿಗೆ ಬದಲಿಯಾಗಲಾರದು. ಇದರ ಸೂಜಿಯಂತಹ ತರಗು ನೆಲದ ಮೇಲೆ ದಪ್ಪನಾಗಿ ಬಿದ್ದು ಬೇರೆ ಗಿಡಗಳ ಮೊಳಕೆಗೆ ಎಡೆಗೊಡುವುದಿಲ್ಲ. ಮರದಡಿಯಲ್ಲಿ ಬಳ್ಳಿ ಹುಲ್ಲುಗಳಿಲ್ಲದಿದ್ದರೆ ಮರಳನ್ನು ಹಿಡಿಯುವ ಮೇಲ್ಪದರವೇ ಇಲ್ಲದಂತಾಗುತ್ತದೆ. ಅಲೆಯ ಗೆರೆಗೆ ತೀರ ಹತ್ತಿರ ನೆಟ್ಟ ಮರಗಳ ಬುಡದಿಂದ ಮಳೆಗಾಲದಲ್ಲಿ ಮರಳು ಕೊಚ್ಚಿಹೋಗಿ ಮರಗಳು ಸಾಲಾಗಿ ಉರುಳುವುದನ್ನು ಕರಾವಳಿಯವರು ಕಂಡಿದ್ದಾರೆ. ಒತ್ತಾಗಿ ನೆಟ್ಟ ತೋಪಿನಲ್ಲಿ ಕಡಲಾಮೆಗೆ ಗೂಡು ತೋಡಲು ಜಾಗ ಸಿಗದು. ಆದುದರಿಂದ ಇರುವ ತೋಪುಗಳನ್ನು ಕಡಿಯಬೇಕೆಂದಲ್ಲ. ಮುಂದೆ ನೆಡುವಾಗ ಗಾಳಿಮರವನ್ನು ಹಿಂದಿನ ಸಾಲಿನಲ್ಲಿ ಮಿತವಾಗಿ ಬಳಸಿ, ಮುಂದಿನ ಸಾಲನ್ನು ಅಡುಂಬು, ರಾವಣನ ಮೀಸೆ, ಕೇದಗೆಗಳಿಗೆ ಬಿಡಬೇಕೆಂಬುದೇ ಇದರಿಂದ ತಿಳಿಯಬೇಕಾದ ಪಾಠ.

ದಿಬ್ಬಗಳಿಗೆ ಒದಗಿರುವ ಅಪಾಯ

ದಿಬ್ಬಗಳು ಹಲವು ಕಾರಣಗಳಿಂದ ನಾಶವಾಗುತ್ತಿವೆ. ಕಟ್ಟಡಕ್ಕಾಗಿ ಮರಳು ತೆಗೆಯುವುದು, ರಸ್ತೆ ಮತ್ತು ಮನೆಗಳಿಗಾಗಿ ನೆಲ ಸಮಗೊಳಿಸುವುದು, ಸಮುದ್ರದ ನೋಟಕ್ಕೆ ಅಡ್ಡವೆಂದು ಗಿಡಗಳನ್ನು ಸವರುವುದು, ವಾಹನಗಳನ್ನು ಮರಳಿನ ಮೇಲೆ ಓಡಿಸುವುದು, ಕಸ ಸುರಿಯುವುದು ಇವು ನೇರವಾದ ಕಾರಣಗಳು. ನದಿಗಳಿಗೆ ಕಟ್ಟಿದ ಅಣೆಕಟ್ಟುಗಳ ಹಿಂದೆ ಮರಳು ನಿಲ್ಲುವುದರಿಂದಲೂ, ನದಿಯ ಪಾತ್ರದಲ್ಲಿ ಮರಳು ಎತ್ತುವುದರಿಂದಲೂ ತೀರಕ್ಕೆ ಬರಬೇಕಾದ ಪಾಲು ಕಡಿಮೆಯಾಗುತ್ತದೆ. ಅಳಿವೆಯ ಬಾಯಲ್ಲಿ ಕಟ್ಟುವ ಅಲೆತಡೆಗಳು ತೀರದುದ್ದಕ್ಕೆ ಸಾಗುವ ಮರಳನ್ನು ಒಂದು ಬದಿಯಲ್ಲಿ ಹಿಡಿದಿಟ್ಟರೆ ಇನ್ನೊಂದು ಬದಿ ಬರಿದಾಗುತ್ತದೆ.

ಕೊರೆತವನ್ನು ತಡೆಯಲು ಬಂಡೆಗಲ್ಲುಗಳನ್ನು ಪೇರಿಸುವುದು ಬಹುಕಾಲದಿಂದ ನಡೆದುಬಂದ ಕ್ರಮ. ಮನೆಗಳು ಅಪಾಯದ ಅಂಚಿನಲ್ಲಿರುವ ಕಡೆ ಇದು ಅನಿವಾರ್ಯವಾಗಿರಬಹುದು. ಆದರೆ ಕಲ್ಲಿನ ಗೋಡೆಗೆ ಬಡಿದ ಅಲೆಯ ಬಲ ಅಲ್ಲಿಗೆ ಮುಗಿಯುವುದಿಲ್ಲ. ಗೋಡೆಯ ಬುಡದ ಮರಳನ್ನೂ, ಗೋಡೆ ಮುಗಿಯುವಲ್ಲಿನ ನೆರೆಯವರ ದಡವನ್ನೂ ಅದು ಕೊರೆಯುತ್ತದೆ. ಉಳ್ಳಾಲ, ಸೋಮೇಶ್ವರ, ಮರವಂತೆ ಮೊದಲಾದ ಊರುಗಳ ಜನರಿಗೆ ಕಡಲ್ಕೊರೆತವು ಪ್ರತಿ ಮಳೆಗಾಲದ ಚಿಂತೆಯಾಗಿದೆ. 2021ರ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದಲ್ಲಿ ಎದ್ದ ತೌಕ್ತೆ ಚಂಡಮಾರುತವು ತೀರದ ಮನೆಗಳಿಗೂ ರಸ್ತೆಗಳಿಗೂ ಹಾನಿಯುಂಟುಮಾಡಿತು. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ ದೇಶದ ಮುಖ್ಯಭೂಮಿಯ ತೀರದಲ್ಲಿ ಶೇಕಡಾ 33.6 ಭಾಗ ಕೊರೆತಕ್ಕೆ ಒಳಗಾಗಿರುವುದು ಕಂಡುಬಂದಿತು. ಶೇಕಡಾ 26.9 ಭಾಗದಲ್ಲಿ ದಡ ಬೆಳೆದಿತ್ತು. ಉಳಿದ ಭಾಗ ಹೆಚ್ಚುಕಡಿಮೆ ಸ್ಥಿರವಾಗಿತ್ತು.

ಇತರ ತೀರಗಳ ಅನುಭವ

2004ರ ಡಿಸೆಂಬರ್ 26ರ ಸುನಾಮಿಯು ಪೂರ್ವ ಕರಾವಳಿಯನ್ನು ಅಪ್ಪಳಿಸಿದ ಮೇಲೆ ದಿಬ್ಬಗಳ ಮತ್ತು ತೀರದ ಸಸ್ಯಗಳ ರಕ್ಷಣಾ ಶಕ್ತಿಯ ಬಗೆಗೆ ದೇಶದಾದ್ಯಂತ ಚರ್ಚೆ ನಡೆಯಿತು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ 2007ರಿಂದ ಸುನಾಮಿ ಮುನ್ನೆಚ್ಚರಿಕೆಯ ವ್ಯವಸ್ಥೆ ಕಾರ್ಯನಿರ್ವಹಿಸುತ್ತಿದೆ. ಮುನ್ನೆಚ್ಚರಿಕೆಯು ಜನರ ಪ್ರಾಣವನ್ನು ಉಳಿಸಬಲ್ಲದು, ನೆಲವನ್ನಲ್ಲ. ಯಾವ ದಿಬ್ಬವೂ ಎಲ್ಲ ಅಲೆಗಳನ್ನೂ ತಡೆಯಲಾರದೆಂಬುದು ನಿಜ; ಆದರೆ ವರ್ಷ ವರ್ಷವೂ ಬರುವ ಮಳೆಗಾಲದ ಅಲೆಗಳಿಗೆ ಮತ್ತು ಸಾಧಾರಣ ಚಂಡಮಾರುತಗಳಿಗೆ ಅದಕ್ಕಿಂತ ಅಗ್ಗದ ತಡೆ ಬೇರೊಂದಿಲ್ಲ.

ದಿಬ್ಬದ ಕಾಡು ತನ್ನ ಪೂರ್ಣರೂಪದಲ್ಲಿ ಹೇಗಿರುತ್ತದೆ ಎಂಬುದನ್ನು ತಿಳಿಯಲು ಪೂರ್ವ ಕರಾವಳಿಯ ಎರಡು ತಾಣಗಳನ್ನು ನೋಡಬೇಕು. ತಮಿಳುನಾಡಿನ ವೇದಾರಣ್ಯದ ಬಳಿಯ ಕೋಡಿಯಕ್ಕರೈಯಲ್ಲಿ ಮರಳಿನ ದಿಬ್ಬಗಳ ಮೇಲೆ ಶುಷ್ಕ ನಿತ್ಯಹರಿದ್ವರ್ಣದ ಕಾಡು ಬೆಳೆದಿದೆ. 1967ರಲ್ಲಿ ಅದನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಆಂಧ್ರಪ್ರದೇಶದ ಪುಲಿಕಾಟ್ ಸರೋವರ ಮತ್ತು ಬಂಗಾಳ ಕೊಲ್ಲಿಯ ನಡುವಣ ಶ್ರೀಹರಿಕೋಟಾ ದ್ವೀಪದ ಮರಳಿನ ಮೇಲೂ ಅದೇ ಬಗೆಯ ಕಾಡಿದೆ. 1971ರಿಂದ ಬಾಹ್ಯಾಕಾಶ ಕೇಂದ್ರವು ಅಲ್ಲಿ ಕಾರ್ಯನಿರ್ವಹಿಸುತ್ತಿದ್ದು, ಸಾರ್ವಜನಿಕರ ಓಡಾಟಕ್ಕೆ ನಿರ್ಬಂಧವಿರುವ ಕಾರಣ ಆ ಕಾಡಿನ ಬಹುಭಾಗ ಉಳಿದುಬಂದಿದೆ.

ಒಮ್ಮೆ ಕಳೆದುಕೊಂಡ ಕಾಡನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ದಕ್ಷಿಣ ಆಫ್ರಿಕದ ರಿಚರ್ಡ್ಸ್ ಬೇ ಎಂಬ ಊರಿನ ಉತ್ತರದ ತೀರವು ನಿದರ್ಶನವಾಗಿದೆ. ಅಲ್ಲಿ ಟೈಟಾನಿಯಂ ಮುಂತಾದ ಖನಿಜಗಳಿಗಾಗಿ ದಿಬ್ಬಗಳನ್ನು ಅಗೆಯಲಾಗುತ್ತದೆ. 1970ರ ದಶಕದ ಕೊನೆಯಿಂದ, ಅಗೆದ ನೆಲದ ಮೇಲ್ಮಣ್ಣನ್ನು ಪುನಃ ಹರಡಿ, ಬೇಗ ಬೆಳೆಯುವ ಗಿಡಗಳನ್ನು ಬಿತ್ತಿ ಕಾಡನ್ನು ಮರಳಿಸುವ ಕೆಲಸ ನಡೆದುಬಂದಿದೆ. ಮೊದಲು ಜಾಲಿಯ ಜಾತಿಯ ಮರಗಳು ಬೆಳೆದು, ಅವುಗಳ ನೆರಳಿನಲ್ಲಿ ಕಾಡಿನ ಇತರ ಸಸ್ಯಗಳು ಕ್ರಮೇಣ ಬರುತ್ತವೆ. ಹತ್ತಿರದಲ್ಲಿ ಅಗೆಯದೆ ಉಳಿಸಿದ ಹಳೆಯ ಕಾಡು ಇದ್ದುದರಿಂದಲೇ ಬೀಜಗಳೂ ಹಕ್ಕಿಗಳೂ ಅಲ್ಲಿಗೆ ತಲುಪಿದವು. ಹೀಗಿದ್ದೂ ದಶಕಗಳು ಕಳೆದ ಮೇಲೂ ಹಳೆಯ ಕಾಡಿನ ಎಲ್ಲ ಜಾತಿಗಳು ಹಿಂದಿರುಗಿಲ್ಲ. ಅದೇ ತೀರದ ಸೇಂಟ್ ಲೂಸಿಯಾ ಪ್ರದೇಶದಲ್ಲಿ ಗಣಿಗಾರಿಕೆ ಬೇಡವೆಂದು 1996ರಲ್ಲಿ ಅಲ್ಲಿನ ಸರ್ಕಾರ ನಿರ್ಧರಿಸಿತು. 1999ರಲ್ಲಿ ಆ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಾನೂನಿನ ರಕ್ಷಣೆ

ಕಡಲತೀರಗಳನ್ನು ಕಟ್ಟಡಗಳಿಂದ ಮುಕ್ತವಾಗಿಡಬೇಕೆಂದು 1981ರ ನವೆಂಬರಿನಲ್ಲಿ ಅಂದಿನ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. 1986ರ ಪರಿಸರ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ 1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಬಿತ್ತು. ಮರಳು ದಿಬ್ಬಗಳನ್ನು ಕಡಿದು ಅವುಗಳ ರೂಪ ಬದಲಿಸುವುದನ್ನು ಆ ಅಧಿಸೂಚನೆಯೇ ನಿಷೇಧಿಸಿತ್ತು. ಅದರ ಸ್ಥಾನದಲ್ಲಿ 2011ರಲ್ಲಿಯೂ ಮತ್ತೆ 2019ರ ಜನವರಿಯಲ್ಲಿಯೂ ಹೊಸ ಅಧಿಸೂಚನೆಗಳು ಬಂದವು. ಇವುಗಳಲ್ಲಿ ಮರಳು ದಿಬ್ಬಗಳನ್ನು ಮ್ಯಾಂಗ್ರೋವ್ ಕಾಡು, ಹವಳದ ದಿಬ್ಬ, ಕಡಲಾಮೆಗಳು ಮೊಟ್ಟೆಯಿಡುವ ನೆಲೆಗಳೊಂದಿಗೆ ಅತಿ ಸೂಕ್ಷ್ಮ ಪ್ರದೇಶಗಳ ವರ್ಗದಲ್ಲಿ ಸೇರಿಸಲಾಗಿದೆ. ಹಾಗೆಯೇ 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಮತ್ತು ಊರಿನ ಸಸ್ಯ ಪ್ರಾಣಿಗಳ ದಾಖಲೆಯನ್ನು ಸಿದ್ಧಪಡಿಸಬೇಕು. ತೀರದ ಪಂಚಾಯತಿಗಳು ದಿಬ್ಬಗಳ ಸಸ್ಯಗಳನ್ನೂ ಹಳೆಯ ಹೊನ್ನೆಯ ಮರಗಳನ್ನೂ ಈ ದಾಖಲೆಯಲ್ಲಿ ನಮೂದಿಸಿದರೆ ಅವುಗಳ ರಕ್ಷಣೆಗೆ ಅದು ಆಧಾರವಾಗುತ್ತದೆ.

ಜನರು ಮಾಡಬಹುದಾದ ಕೆಲಸ

ದಿಬ್ಬದ ರಕ್ಷಣೆಗೆ ದೊಡ್ಡ ಯಂತ್ರಗಳಾಗಲಿ ಅಪಾರ ಹಣವಾಗಲಿ ಬೇಕಿಲ್ಲ. ಸ್ಥಳೀಯರು, ಶಾಲೆಗಳು, ಯುವಕ ಮಂಡಲಗಳು ಮತ್ತು ಮಹಿಳಾ ಮಂಡಲಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಇರುವ ದಿಬ್ಬವನ್ನು ಇದ್ದಂತೆ ಬಿಡುವುದು ಮೊದಲ ಕೆಲಸ. ಅಡುಂಬು ಬಳ್ಳಿಯನ್ನು ಕಳೆಯೆಂದು ಕಿತ್ತುಹಾಕಬಾರದು.

2. ಸಮುದ್ರಕ್ಕೆ ಹೋಗಿಬರಲು ಒಂದೆರಡು ದಾರಿಗಳನ್ನು ಮಾತ್ರ ಗೊತ್ತುಮಾಡಿಕೊಳ್ಳಬೇಕು. ಎಲ್ಲೆಂದರಲ್ಲಿ ನಡೆದರೆ ಬಳ್ಳಿಗಳು ತುಳಿತಕ್ಕೆ ಸಿಕ್ಕಿ ಆ ಜಾಗದಿಂದಲೇ ಮರಳು ಹಾರಲು ಆರಂಭವಾಗುತ್ತದೆ. ವಾಹನಗಳನ್ನು ದಿಬ್ಬದ ಹಿಂದೆಯೇ ನಿಲ್ಲಿಸಬೇಕು.

3. ದಿಬ್ಬ ತೆರೆದುಕೊಂಡಿರುವ ಕಡೆ ಒಣಗಿದ ತೆಂಗಿನ ಗರಿಗಳನ್ನು ಗಾಳಿಗೆ ಅಡ್ಡಲಾಗಿ ಸಾಲಾಗಿ ನಿಲ್ಲಿಸಿದರೆ ಅವುಗಳ ಹಿಂದೆ ಮರಳು ಕೂಡುತ್ತದೆ.

4. ಮಳೆಗಾಲದ ದೊಡ್ಡ ಅಲೆಗಳ ಅಬ್ಬರ ಇಳಿದು, ಮಳೆ ಇನ್ನೂ ಉಳಿದಿರುವ ದಿನಗಳಲ್ಲಿ ಮೂರು ನಾಲ್ಕು ಗೆಣ್ಣುಗಳಿರುವ ಅಡುಂಬು ಬಳ್ಳಿಯ ತುಂಡುಗಳನ್ನು ಹಾಗೂ ರಾವಣನ ಮೀಸೆಯ ಬೇರುಸಹಿತ ತುಂಡುಗಳನ್ನು ನೆಡಬೇಕು. ತುಂಡುಗಳನ್ನು ಹತ್ತಿರದ ತೀರದಿಂದಲೇ, ಅಲ್ಲಿನ ದಿಬ್ಬ ಬರಿದಾಗದಂತೆ ತೆಗೆದುಕೊಳ್ಳಬೇಕು.

5. ಮೊದಲ ಸಾಲು ಹಬ್ಬಿದ ಬಳಿಕವೇ ಕೇದಗೆ, ಲಕ್ಕಿಗಳನ್ನೂ, ಅವುಗಳ ಹಿಂದೆ ಹೊನ್ನೆ, ಹೊಂಗೆ, ಹೂವರಸಿಗಳನ್ನೂ ನೆಡಬೇಕು. ಈ ಕ್ರಮವನ್ನು ಮೀರಿ ಅಲೆಯ ಅಂಚಿನಲ್ಲಿಯೇ ಮರ ನೆಟ್ಟರೆ ಶ್ರಮ ವ್ಯರ್ಥವಾಗುತ್ತದೆ.

6. ಕಡಲಾಮೆಗಳು ಬರುವ ತಿಂಗಳುಗಳಲ್ಲಿ ತೀರದ ದೀಪಗಳನ್ನು ಮಂದಗೊಳಿಸಬೇಕು. ಗೂಡು ಕಂಡಲ್ಲಿ ಅರಣ್ಯ ಇಲಾಖೆಗೆ ತಿಳಿಸಬೇಕು.

7. ದಿಬ್ಬವನ್ನು ಅಗೆಯುವುದು ಕಂಡುಬಂದರೆ ಗ್ರಾಮ ಪಂಚಾಯತಿಯ ಅಥವಾ ಜಿಲ್ಲಾಡಳಿತದ ಗಮನಕ್ಕೆ ತರಬೇಕು.

ಕರಾವಳಿಯಲ್ಲಿ ಮನೆಯಿಲ್ಲದವರಿಗೂ ಈ ಕಾರ್ಯದಲ್ಲಿ ಪಾಲಿದೆ. ಬೆಂಗಳೂರು, ಹೈದರಾಬಾದುಗಳಂತಹ ಒಳನಾಡಿನ ನಗರಗಳಿಂದ ರಜೆಯ ದಿನಗಳಲ್ಲಿ ಸಾವಿರಾರು ಜನ ಕಡಲತೀರಕ್ಕೆ ಬರುತ್ತಾರೆ. ಪಡುಬಿದ್ರಿ ಮತ್ತು ಕಾಸರಕೋಡಿನ ತೀರಗಳಿಗೆ 2020ರಲ್ಲಿ ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ದೊರೆಯಿತು. ಸ್ವಚ್ಛವಾದ ತೀರವೆಂದರೆ ಗಿಡಗಳಿಲ್ಲದ ಬರಿಯ ಮರಳು ಎಂಬ ಭಾವನೆಯನ್ನು ಪ್ರವಾಸಿಗರು ಬಿಡಬೇಕು. ಪ್ಲಾಸ್ಟಿಕ್ಕು ಕಸ; ಅಡುಂಬು ಬಳ್ಳಿ ಕಸವಲ್ಲ.

ಅರಣ್ಯ, ಸರೋವರ, ನದಿ ಮತ್ತು ವನ್ಯಜೀವಿಗಳನ್ನೊಳಗೊಂಡ ನೈಸರ್ಗಿಕ ಪರಿಸರವನ್ನು ರಕ್ಷಿಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನವು ಸಾರುತ್ತದೆ. ಕಡಲತೀರದ ದಿಬ್ಬವೂ ಆ ಪರಿಸರದ ಒಂದು ಭಾಗವೇ. ಒಂದು ಬಳ್ಳಿ ಮರಳಿನಲ್ಲಿ ಬೇರೂರಿ, ಅದರ ಹಿಂದೆ ಕೇದಗೆ ಬೆಳೆದು, ಅದರ ಹಿಂದೆ ಹೊನ್ನೆಯ ಮರ ನಿಲ್ಲಲು ಹಲವು ವರ್ಷಗಳು ಬೇಕು. ಅದನ್ನು ಕಿತ್ತುಹಾಕಲು ಯಂತ್ರಕ್ಕೆ ಒಂದು ಹಗಲು ಸಾಕು. ದಿಬ್ಬದ ಹಿಂದೆ ಮನೆ ಮಾಡಿಕೊಂಡಿರುವ ಕುಟುಂಬದ ಬಾವಿಯ ನೀರು ಸಿಹಿಯಾಗಿ ಉಳಿಯುವುದೂ, ಆಷಾಢದ ರಾತ್ರಿಗಳಲ್ಲಿ ಆ ಮನೆಯವರು ನೆಮ್ಮದಿಯಿಂದ ನಿದ್ರಿಸುವುದೂ ಬಹುಮಟ್ಟಿಗೆ ಈ ದಿಬ್ಬವನ್ನೇ ಅವಲಂಬಿಸಿದೆ.